ಪೆರೋಲ್ ಮುಗಿದ ಸಂಜೆ

ಬೀರೂರಲ್ಲಿ ರೈಲು ಹತ್ತಿದಾಗಿನಿಂದ ನನ್ನ ಪಕ್ಕದ ಆಸಾಮಿ ಕೂತಲ್ಲಿ ಕೂರುತ್ತಿರಲಿಲ್ಲ. ತರೀಕೆರೆಯಲ್ಲಿ ನಾನು ಇಳಿದು ಎಷ್ಟು ಹೊತ್ತಾದರೂ ರೈಲು ಹೊರಡದಿದ್ದಾಗ, ಕಿಟಕಿಯ ಬಳಿ ಹೋಗಿ ಅವರನ್ನು ಎಲ್ಲಿಗೆ ಹೋಗಬೇಕು ಎಂದು ಕೇಳಿದೆ.

"ಶಿವಮೊಗ್ಗ ಜೈಲಿಗೆ. ಪೆರೋಲ್ ಮುಗೀತು. ಆರು ಗಂಟೆಯೊಳಗೆ ಒಳಗಿರದಿದ್ರೆ ಮುಂದಿನ ಸಲ ಬಿಡಲ್ಲ. ಮಗಳಿಗೆ ದಿನ ತುಂಬೈತೆ, ಮಗು ನೋಡೋಕೆ ಬರ್ಬೇಕು."

ಪಂಪ್‌ಸೆಟ್ ರಿಪೇರಿಗೆ ಅಲೆಯುವ ನನ್ನ ಬೈಕು ಸ್ಟೇಷನ್ ಹೊರಗೇ ಇತ್ತು. ಯಾವ ಕೇಸು ಎಂದು ಕೇಳಲು ಬಾಯಿ ಬರಲಿಲ್ಲ. ಬನ್ನಿ, ಬಿಡ್ತೀನಿ ಎಂದೆ.

ಹೈವೇಯಲ್ಲಿ ಲಾರಿಗಳ ನಡುವೆ ಬೈಕು ನುಗ್ಗಿಸಿದರೆ ಹಿಂದಿನಿಂದ ಭುಜ ಹಿಡಿದರು.

"ನಿಧಾನ ಕಣ್ರೀ. ಬಿದ್ದು ಆಸ್ಪತ್ರೆ ಸೇರಿದ್ರೆ, ಓಡಿಹೋದ ಅಂತ ಬರ್ಕೋತಾರೆ."

ನಿಧಾನ ಮಾಡಿದೆ.

"ಹೊತ್ತು ಮುಳುಗ್ತೈತೆ," ಎಂದರು.

ದಾರಿಯುದ್ದಕ್ಕೂ ಹೀಗೇ ಆಯಿತು. ಅಂತೂ ಆರಕ್ಕೆ ಸ್ವಲ್ಪ ಮುಂಚೆ ಗೇಟು ಮುಟ್ಟಿದೆವು. ವಾರ್ಡರ್ ಅವರ ಹೆಸರು ಕೇಳಿ ಚಿಕ್ಕ ಬಾಗಿಲು ತೆರೆದ. ಅವರು ತಲೆ ಬಗ್ಗಿಸಿ ಒಳಗೆ ಕಾಲಿಟ್ಟು, ನನ್ನ ಕಡೆ ತಿರುಗಿ ಕೈ ಮುಗಿದು, ಜೋರಾಗಿ ಉಸಿರು ಬಿಟ್ಟರು.

ನಾನು ಇನ್ನೂ ಅಲ್ಲೇ ನಿಂತಿದ್ದೆ.

"ನಿಮ್ಮನ್ನ ಹಂಗೆಲ್ಲ ಒಳಗೆ ಬಿಡಕ್ಕಾಗಲ್ಲ," ಎಂದ ವಾರ್ಡರ್. "ಅದಕ್ಕೆ ಕೋರ್ಟ್ ಆರ್ಡರ್ ಬೇಕು."

ಅಷ್ಟು ತುರ್ತೇನಿಲ್ಲ ಎಂದು ಬೈಕು ತಿರುಗಿಸಿದೆ.