ಒಂದು ಕೌದಿ, ನಾಲ್ಕು ಕೈ

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಆಳಂದದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಉದ್ದನೆಯ ಕೋಣೆಯನ್ನು ಬಾಡಿಗೆಗೆ ಹಿಡಿದು ಕೌದಿ ಹೊಲಿಸುವ ಘಟಕ ನಡೆಸುತ್ತಿದ್ದೆ. ಶನಿವಾರ, ಭಾನುವಾರ ಕಲಬುರಗಿಗೆ ಹೋಗಿ ಉದ್ಯಮಶೀಲತೆಯ ಕೋರ್ಸ್ ಓದುತ್ತಿದ್ದೆ. ವಯಸ್ಸು ಇಪ್ಪತ್ನಾಲ್ಕು. ಹುದ್ದೆ ಏನೆಂದರೆ ಮಾಲೀಕಳು, ಗುಮಾಸ್ತೆ, ಸಂಜೆ ಕಸ ಗುಡಿಸುವವಳು, ಎಲ್ಲವೂ ನಾನೇ. ಈ ವಯಸ್ಸಿನವಳು ವೃತ್ತಿ ಅನುಭವ ಬರೆಯುವುದೇ ಎಂದು ಹುಬ್ಬೇರಿಸುವವರಿದ್ದಾರೆ. ಪಾಠ ಕಲಿಯಲು ಮೊದಲು ನಿವೃತ್ತಿಯಾಗಬೇಕೆಂಬ ನಿಯಮ ಎಲ್ಲಿದೆಯೋ ಅವರು ತೋರಿಸಲಿ. ನಾನಂತೂ ಅಲ್ಲಿಯವರೆಗೆ ಕಾಯುವುದಿಲ್ಲ.

ಪದವಿಯ ಮೂರೂ ವರ್ಷ ನಾನು ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಅಲ್ಲಿ ಕಲಿತ ಮೊದಲ ವಿದ್ಯೆ, ಎದುರಾಳಿಯ ಮಾತಿನ ಹಿಂದಿರುವ ಉದ್ದೇಶವನ್ನು ಹಿಡಿದು ಎಳೆಯುವುದು. ಉದ್ದೇಶ ಹೊರಬಿದ್ದರೆ ಮಾತು ತಾನಾಗಿ ಬೀಳುತ್ತದೆ. ಈ ವಿದ್ಯೆಯಿಂದ ನಾನು ಗೆದ್ದ ಕಪ್‌ಗಳು ಮನೆಯ ಗೂಡಿನಲ್ಲಿ ಇವತ್ತಿಗೂ ಇವೆ. ಅದೇ ವಿದ್ಯೆಯಿಂದ ಆರು ಕೌದಿ ಕೆಡಿಸಿದ ಕತೆ ಇದು.

ಕೌದಿ ಗೊತ್ತಿಲ್ಲದವರಿಗೆ ಎರಡು ಮಾತು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನ ಕಡೆಗೆ ಸಾಲು ಸಾಲಾಗಿ ಕೈಯಿಂದ ಹೊಲಿಯುತ್ತಾರೆ. ಹೊದಿಕೆಯೂ ಅದೇ, ಹಾಸಿಗೆಯೂ ಅದೇ. ನಮ್ಮ ಕಡೆ ಹೆಣ್ಣುಮಕ್ಕಳು ಇದನ್ನು ತವರಿನಲ್ಲಿ ಅವ್ವನ ಪಕ್ಕ ಕೂತು ಕಲಿಯುತ್ತಾರೆ. ಮದುವೆಯಾದ ಮೇಲೆ ಊರು ಬದಲಾಗುತ್ತದೆ, ಹೊಲಿಗೆ ಬದಲಾಗುವುದಿಲ್ಲ. ಇದು ಆಗ ನನಗೆ ಗೊತ್ತಿರಲಿಲ್ಲ.

ಆ ವರ್ಷ ಪುಣೆಯ ಒಬ್ಬ ವ್ಯಾಪಾರಿ ಇಪ್ಪತ್ನಾಲ್ಕು ಕೌದಿಗಳ ಆರ್ಡರ್ ಕೊಟ್ಟರು. ಆರು ವಾರದ ಗಡುವು. ಮೊದಲು ಆರು ಕೌದಿ ಕಳಿಸಬೇಕು, ಅವು ಒಪ್ಪಿಗೆಯಾದರೆ ಮಾತ್ರ ಉಳಿದವು. ಒಗೆದು ಒಣಗಿಸಿದ ಮೇಲೂ ಮಂಚದ ಮೇಲೆ ಸಪಾಟಾಗಿ ಕೂರಬೇಕೆಂಬುದು ಅವರ ಒಂದೇ ಷರತ್ತು. ಘಟಕ ಶುರುವಾದ ಮೇಲೆ ಬಂದ ಮೊದಲ ದೊಡ್ಡ ಆರ್ಡರ್ ಅದು. ಕೈತಪ್ಪಿದರೆ ಕೋಣೆಯ ಬಾಗಿಲು ಮುಚ್ಚುವುದೇ ಎಂದು ನನಗೆ ಗೊತ್ತಿತ್ತು, ಹೊಲಿಯುವವರಿಗೂ ಗೊತ್ತಿತ್ತು.

ಹೊಲಿಯುವವರು ಎಂಟು ಜನ, ಎಲ್ಲರೂ ನನ್ನೂರು ಕಿಣ್ಣಿ ಸುಲ್ತಾನದ ಸೊಸೆಯಂದಿರು. ನಾಲ್ವರು ಮೇಲಿನ ಓಣಿಯವರು, ನಾಲ್ವರು ಊರ ಹೊರಗಿನ ಓಣಿಯವರು. ಮನೆಯಲ್ಲಿ ಅಡುಗೆ, ಹೊಲ, ಮಕ್ಕಳ ನಡುವೆ ಹೊಲಿದರೆ ಒಂದು ಕೌದಿಗೆ ತಿಂಗಳು ಹಿಡಿಯುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಆಳಂದದ ಕೋಣೆಗೆ ಬಂದು ಹೊಲಿಯುವ ಏರ್ಪಾಡು ಮಾಡಿದೆ. ಕೋಣೆಯಲ್ಲಿ ಎರಡು ಕೌದಿ ಹಾಸಲು ಮಾತ್ರ ಜಾಗ, ಹಾಗಾಗಿ ಒಂದೊಂದಕ್ಕೆ ನಾಲ್ವರು. ಕೋರ್ಸಿನಲ್ಲಿ ಆ ವಾರವಷ್ಟೇ ಸ್ಟ್ಯಾಂಡರ್ಡೈಸೇಶನ್ ಪಾಠವಾಗಿತ್ತು. ಹತ್ತು ಜನ ಮಾಡಿದರೂ ಮಾಲು ಒಬ್ಬರೇ ಮಾಡಿದಂತೆ ಕಾಣಬೇಕು ಎಂಬುದು ಅದರ ಸಾರ. ಒಂದೇ ಬಟ್ಟೆ, ಒಂದೇ ದಾರ, ಒಂದೇ ಅಳತೆಯ ಸೂಜಿ ತಂದೆ. ಯಾರು ಎಲ್ಲಿ ಕೂರಬೇಕೆಂದು ಚೀಟಿ ಎತ್ತಿಸಿದೆ. ಓಣಿ ನೋಡಿ ಕೂರುವ ಅಭ್ಯಾಸ ನನ್ನ ಕೋಣೆಯಲ್ಲಿ ನಡೆಯಕೂಡದು ಎಂಬ ಹಟವೂ ಅದರಲ್ಲಿತ್ತು.

ಎಂಟು ಜನರಲ್ಲಿ ಹಿರಿಯಳು ಚಂದಮ್ಮ ಅತ್ತಿ, ಮೇಲಿನ ಓಣಿಯವಳು. ಅರವತ್ತು ದಾಟಿದ್ದರೂ ಸೂಜಿಗೆ ದಾರ ಪೋಣಿಸಲು ಯಾರನ್ನೂ ಕರೆಯುತ್ತಿರಲಿಲ್ಲ. ಚೀಟಿ ನೋಡಿ ತಲೆ ಅಲ್ಲಾಡಿಸಿದಳು.

"ಸವಿತಾ, ಹಿಂಗ ಯಾರ್ಯಾರನ್ನೋ ಒಂದ ಕೌದಿಗೆ ಕುಂದ್ರಿಸಬ್ಯಾಡ ಬೇ. ಕೈ ಕೂಡಂಗಿಲ್ಲ."

"ಕೈ ಕೂಡಂಗಿಲ್ಲಂದ್ರ ಏನತ್ತಿ? ಕೈಗೇನು ಕುಂಡಲಿ ಇರ್ತಾವೇನ್ರಿ, ನೋಡಿ ಕೂಡಸಾಕ?"

"ನನಗ ಬಿಡಿಸಿ ಹೇಳಾಕ ಬರಂಗಿಲ್ಲ. ಕೂಡಂಗಿಲ್ಲಂದ್ರ ಕೂಡಂಗಿಲ್ಲ."

"ಹೇಳಾಕ ಬರಲಾರದ್ದು ಕಾರಣ ಅಲ್ರಿ. ಬಾಯಾಗ ಕೈ ಅಂತೀರಿ, ಮನಸ್ಸಿನ್ಯಾಗ ಓಣಿ ಅದ. ಅವರ ಜೋಡಿ ಕುಂದ್ರಾಕ ಆಗಂಗಿಲ್ಲಂತ ಸೀದಾ ಹೇಳ್ರಿ."

ಅವಳು ಸುಮ್ಮನಾದಳು. ಎದುರಾಳಿ ಸುಮ್ಮನಾದರೆ ಅಂಕ ನಮ್ಮದು. ನನ್ನ ಅನುಮಾನಕ್ಕೆ ಆಧಾರವಿರಲಿಲ್ಲವೆಂದಲ್ಲ. ಕೋಣೆಯ ಕೊಡದಿಂದ ಆಕೆ ಒಂದು ದಿನವೂ ನೀರು ಕುಡಿದವಳಲ್ಲ. ಮನೆಯಿಂದ ಬಾಟಲಿ ತಂದು ಕಿಟಕಿಯ ಕಟ್ಟೆಯ ಮೇಲೆ ಬೇರೆ ಇಡುತ್ತಿದ್ದಳು.

ಒಂಬತ್ತು ದಿನಕ್ಕೆ ಆರು ಕೌದಿ ಮುಗಿದವು. ಹತ್ತನೆಯ ದಿನ ಒಗೆದು ಮಾಳಿಗೆಯ ಮೇಲೆ ಹರವಿದೆವು. ಮಧ್ಯಾಹ್ನ ಹೋಗಿ ನೋಡಿದರೆ ಆರಕ್ಕೆ ಆರೂ ಸೊಟ್ಟ. ಒಂದರ ನಡು ಉಬ್ಬಿ ನಿಂತಿತ್ತು, ಇನ್ನೊಂದರ ಮೂಲೆ ಸುರುಳಿ ಸುತ್ತಿತ್ತು. ಒಂದು ಪಕ್ಕ ಜಗ್ಗಿ ಸರಿಮಾಡಿದರೆ ಎದುರಿನ ಪಕ್ಕ ಏಳುತ್ತಿತ್ತು. ಹೊರಗಿನ ಓಣಿಯ ಸಂಗಮ್ಮ, ಎಂಥ ಹೊತ್ತಿನಲ್ಲೂ ಬಾಯಿ ಕಟ್ಟದವಳು, ಸೊಂಟದ ಮೇಲೆ ಕೈಯಿಟ್ಟು, "ಸವಿತಕ್ಕ, ಇದರ ಮ್ಯಾಲ ಮಲಗಿದ ಮಂದಿ ಮುಂಜಾನಿತನ ಉರುಳಿ ಪುಣೆ ದಾಟಿ ಹೋಗ್ತಾರ್ರಿ," ಎಂದಳು. ನಗು ಬಂದದ್ದು ಅವಳಿಗೊಬ್ಬಳಿಗೇ.

ವ್ಯಾಪಾರಿಗೆ ಫೋಟೊ ಕಳಿಸಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಇನ್ನು ಹದಿನೈದು ದಿನದಲ್ಲಿ ಮೂರು ಸರಿಯಾದ ಕೌದಿ ತೋರಿಸಿದರೆ ಆರ್ಡರ್ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದರು.

ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಕೋಣೆಯ ಮಾಲೀಕರು ಬಂದು ಉಪಕಾರ ಮಾಡುವವರ ಹಾಗೆ ಹೇಳಿದರು. "ನಡುವ ಒಂದು ತಗಡಿನ ಗ್ವಾಡಿ ನಿಲ್ಲಿಸಿ ಕೊಡ್ತೀನಿ ತಂಗಿ. ಆ ಕಡಿ ಅವರು, ಈ ಕಡಿ ಇವರು. ಜಗಳ ಖತಂ." ಮೇಲಿನ ಓಣಿಯ ಕಮಲಾಬಾಯಿ ಗೆದ್ದವಳಂತೆ, "ಹಿರ್ಯಾರು ಸುಮ್ಕ ಹೇಳ್ತಾರೇನ್ ಬೇ?" ಎಂದಳು. ಶನಿವಾರ ಕಲಬುರಗಿಯಲ್ಲಿ ನಮ್ಮ ಸರ್ ಕೂಡ ಅದನ್ನೇ ಶುದ್ಧ ಭಾಷೆಯಲ್ಲಿ ಹೇಳಿದರು. "ಎರಡು ಟೀಮ್, ಎರಡು ಕೋಣೆ ಮಾಡಿ. ಉದ್ಯಮಿ ಸಮಾಜ ಸುಧಾರಕನಲ್ಲ."

"ಗೋಡೆ ಕಟ್ಟೋದೂ ಸಮಾಜದ ಕೆಲಸವೇ ಅಲ್ವಾ ಸರ್? ಅದನ್ನ ಮಾತ್ರ ಉದ್ಯಮಿ ಮಾಡಬಹುದಾ?" ಎಂದೆ. ಕ್ಲಾಸು ನಕ್ಕಿತು. ಸರ್ ನಗಲಿಲ್ಲ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ನನಗೂ ನಗು ಬರಲಿಲ್ಲ. ಉತ್ತರ ಚುರುಕಾಗಿತ್ತು, ಕೌದಿ ಸೊಟ್ಟಗೇ ಇದ್ದವು.

ಸೋಮವಾರ ಸಂಗಮ್ಮ ನೇರವಾಗಿ ಕೇಳಿದಳು. "ಗ್ವಾಡಿ ಎಬ್ಬಿಸ್ತೀರೇನ್ರಿ? ಮೊದಲ ಹೇಳಿಬಿಡ್ರಿ. ಗ್ವಾಡಿ ಆಚಿ ಕುಂದ್ರೂದು ನಮಗ ಊರಾಗೂ ಅದ. ಅದಕ್ಕ ಬಸ್ ಹತ್ತಿ ಇಲ್ಲೀತನ ಯಾಕ ಬರೂಣು? ನಾವು ನಾಕೂ ಮಂದಿ ನಾಳಿಂದ ಬರಂಗಿಲ್ಲ."

ಗೋಡೆ ಎದ್ದರೆ ನಾಲ್ವರು ಹೋಗುತ್ತಾರೆ. ಏಳದಿದ್ದರೆ, ಎಲ್ಲರ ಲೆಕ್ಕದಲ್ಲಿ, ಆರ್ಡರ್ ಹೋಗುತ್ತದೆ. "ಏಳಂಗಿಲ್ಲ" ಎಂದುಬಿಟ್ಟೆ. ಹೇಗೆ ಹೊಲಿಸುತ್ತೇನೆ ಎಂಬುದು ಮಾತ್ರ ನನಗೇ ಗೊತ್ತಿರಲಿಲ್ಲ.

ಅಂದು ಸಂಜೆ ಒಂದು ಸೊಟ್ಟ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಚಂದಮ್ಮ ಅತ್ತಿಯ ಮನೆಗೆ ಹೋದೆ. ಪಡಸಾಲೆಯಲ್ಲಿ ಹಾಸಿ, "ಬಿಡಿಸಿ ಹೇಳಾಕ ಬರದಿದ್ರ ಮುಟ್ಟಿ ತೋರಸ್ರಿ," ಎಂದೆ.

ಅವಳು ಕೌದಿಯನ್ನು ಮಗುಚಿ ಹಾಕಿ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸುತ್ತ ಹೋದಳು. "ಇಲ್ಲಿ ನೋಡು. ಇಕಿ ದಾರ ಜಗ್ಗಿ ಹೊಲಿತಾಳ, ಬಟ್ಟಿ ಮುದುರ್ತದ. ಇಲ್ಲಿ ನೋಡು, ಇದು ಸಡ್ಲ ಕೈ, ಬಟ್ಟಿ ಹಂಗ ಮಲಗೇದ. ನೀರು ಬಿದ್ದ ಮ್ಯಾಲ ಮುದುರಿದ್ದು ಇನ್ನೂ ಮುದುರ್ತದ, ಮಲಗಿದ್ದು ಉಬ್ಬತದ. ಇಷ್ಟ ನೋಡು."

"ಈ ಸಡ್ಲ ಕೈ ಯಾರದ್ರಿ?"

"ಕಮಲಾಬಾಯಿದು."

"ಕಮಲಾಬಾಯಿ ನಿಮ್ಮ ಓಣಿಯಾಕಿ ಅಲ್ಲೇನತ್ತಿ?"

"ಓಣಿ ಹೊಲಿತದೇನ್ ಬೇ? ಕೈ ಹೊಲಿತದ. ಆಕಿ ತವರು ಅಫಜಲಪುರ ಕಡಿ. ಆ ಕಡಿಯವರು ಎಲ್ಲಾರೂ ಹಿಂಗೇ ಸಡ್ಲ."

"ಮತ್ತ ಆ ದಿನ ಯಾಕ ಹೇಳಲಿಲ್ರಿ ಇದನ್ನ?"

"ನೀ ಎಲ್ಲಿ ಬಿಟ್ಟಿ? ನಿನ್ನ ಮಾತು ಮುಗಿದಿಂದ ನನ್ನ ಮಾತಿಗೆ ಜಾಗಾನೇ ಇರಲಿಲ್ಲ." ಕೌದಿ ಮಡಿಚುತ್ತ ತಾನೇ ಹೇಳಿದಳು. "ಓಣಿ ಮಾತೂ ಮನಸ್ಸಿನ್ಯಾಗ ಇತ್ತು. ಸುಳ್ಳು ಯಾಕ ಹೇಳ್ಲಿ. ಎರಡೂ ಇತ್ತು."

ಚರ್ಚಾ ವೇದಿಕೆಯಲ್ಲಿ ಇಷ್ಟು ಪ್ರಾಮಾಣಿಕವಾದ ಮಾತನ್ನು ನಾನು ಕೇಳಿದವಳಲ್ಲ. ಅವಳ ಮಾತಿನಲ್ಲಿ ಎರಡು ಎಳೆ ಇದ್ದವು. ನಾನು ಒಂದನ್ನು ಕಂಡು, ಅದು ಕೊಳೆತದ್ದೆಂದು ಇಡೀ ಮಾತನ್ನೇ ಎಸೆದಿದ್ದೆ. ಗೋಡೆ ಕಟ್ಟು ಎನ್ನುವವರು ಇನ್ನೊಂದನ್ನು ತೋರಿಸಿ ಕೊಳೆತದ್ದನ್ನೂ ನನಗೆ ಮಾರಲು ನೋಡುತ್ತಿದ್ದರು. ಈ ಎರಡನ್ನು ಬೇರೆ ಮಾಡುವುದು ವಾದದಿಂದ ಆಗುವ ಕೆಲಸವಾಗಿರಲಿಲ್ಲ.

ಮರುದಿನ ಎಂಟೂ ಜನರಿಗೆ ಒಂದೊಂದು ಗೇಣಿನ ಚೌಕ ಹೊಲಿಯಲು ಕೊಟ್ಟೆ. ಒಂದೇ ಥಾನಿನ ಬಟ್ಟೆ, ಒಂದೇ ಉಂಡೆಯ ದಾರ, ಮೂರು ಪದರ. ಹೆಸರು ಬರೆಯಲಿಲ್ಲ. ಒಳಪದರದಲ್ಲಿ ಒಂದೊಂದು ಸಂಖ್ಯೆ ಬರೆದು, ಯಾರದು ಯಾವುದೆಂದು ಚೀಟಿಯಲ್ಲಿ ನನ್ನ ಹತ್ತಿರ ಇಟ್ಟುಕೊಂಡೆ. ಎಂಟನ್ನೂ ಒಟ್ಟಿಗೆ ಒಗೆದು ಒಣಗಿಸಿ ಅಳೆದೆ. ಕೆಲವು ಎರಡು ಬೆರಳಿನಷ್ಟು ಕುಗ್ಗಿದ್ದವು, ಕೆಲವು ಅರ್ಧ ಬೆರಳು ಕೂಡ ಇಲ್ಲ. ಆಮೇಲೆ ಎಂಟೂ ಚೌಕಗಳನ್ನು ಚಾಪೆಯ ಮೇಲೆ ಹರಡಿ, ಎಲ್ಲರ ಎದುರು, ಚಂದಮ್ಮ ಅತ್ತಿಗೆ ಹೇಳಿದೆ. "ಜೋಡಿ ಮಾಡ್ರಿ. ಮೊದಲ ನಿಮ್ದು ಯಾವುದು, ತಗೀರಿ."

ಅವಳು ಒಂದೊಂದನ್ನೇ ಬೆರಳಿನಿಂದ ಸವರಿದಳು. ಐದನೆಯದನ್ನು ಎತ್ತಿಕೊಂಡು ಮಡಿಲಲ್ಲಿಟ್ಟುಕೊಂಡಳು. "ಇದು ನಂದು. ಕತ್ತಲ್ಯಾಗ ಕೊಟ್ರೂ ಹೇಳ್ತೇನಿ."

ಅಂಚಿನ ದಾರ ಬಿಚ್ಚಿ ಸಂಖ್ಯೆ ನೋಡಿದೆ, ಚೀಟಿ ನೋಡಿದೆ. ಅದು ಸಂಗಮ್ಮನದು.

ಕಮಲಾಬಾಯಿ, "ವಯಸ್ಸಾತು, ಕಣ್ಣು ಮಂದ ಆಗ್ಯಾವ," ಎಂದು ಸಾವರಿಸಲು ನೋಡಿದಳು.

"ಕಣ್ಣಿಲೆ ಯಾರು ನೋಡ್ಯಾರ ಬೇ? ಬೆರಳಿಲೆ ನೋಡೇನಿ," ಎಂದಳು ಚಂದಮ್ಮ ಅತ್ತಿ. ಚೌಕವನ್ನು ಕೆಳಗಿಡಲಿಲ್ಲ. ಸಂಗಮ್ಮನ ಕಡೆ ತಿರುಗಿ, ಆ ಕೋಣೆಯಲ್ಲಿ ಮೊದಲ ಸಲ ಅವಳನ್ನು ನೇರವಾಗಿ ಮಾತಾಡಿಸಿದಳು. "ನಿನ್ನ ತವರು ಯಾವ ಕಡಿ?"

"ಜೇವರ್ಗಿ ಕಡಿ ರೀ, ಅವ್ವಾರ."

"ನಂದೂ ಜೇವರ್ಗಿ ಕಡೀನೇ."

"ಹಂಗಾದ್ರ ನಿಮ್ಮವ್ವನೂ ನಮ್ಮವ್ವನೂ ಹೊಲದ ಬದುವಿನ್ಯಾಗ ಕುಂತು ಸೂಜಿ ಅದಲಿ ಬದಲಿ ಮಾಡ್ಯಾರ್ರಿ," ಎಂದಳು ಸಂಗಮ್ಮ. "ಮನಿಗಿ ಬಂದು ಯಾರೂ ಹೇಳಿಲ್ಲ, ಅಷ್ಟೇ."

ಈ ಸಲ ನಕ್ಕವರು ಬಹಳ ಜನ. ಚಂದಮ್ಮ ಅತ್ತಿ ನಗಲಿಲ್ಲ, ಬೈಯಲೂ ಇಲ್ಲ. ಉಳಿದ ಚೌಕಗಳನ್ನು ತಾನೇ ಜೋಡಿಸಿಟ್ಟಳು. ಬಿಗಿ ಕೈ ನಾಲ್ಕು, ಸಡಿಲ ಕೈ ನಾಲ್ಕು. ಚೀಟಿ ತೆರೆದು ನೋಡಿದರೆ ಎರಡು ಗುಂಪಿನಲ್ಲೂ ಎರಡೂ ಓಣಿಯವರಿದ್ದರು. ಜೇವರ್ಗಿಯಲ್ಲಿ ಕಲಿತವರು ಒಂದು ಕಡೆ, ಅಫಜಲಪುರದಲ್ಲಿ ಕಲಿತವರು ಇನ್ನೊಂದು ಕಡೆ. ಮದುವೆ ಅವರನ್ನು ಓಣಿಗಳಿಗೆ ಹಂಚುವ ಮೊದಲೇ ಅವ್ವಂದಿರು ಬೇರೆ ರೀತಿ ಹಂಚಿಯಾಗಿತ್ತು.

ಕಮಲಾಬಾಯಿ ಮರುದಿನ ಬರಲಿಲ್ಲ. ಮನೆಯಲ್ಲಿ ಒಪ್ಪುವುದಿಲ್ಲ ಎಂದು ಹೇಳಿ ಕಳಿಸಿದಳು. ಕರೆಯಲು ಹೋದೆ, ಬಾಗಿಲಲ್ಲೇ ಮಾತು ಮುಗಿಯಿತು. ಚಂದಮ್ಮ ಅತ್ತಿ ಬಂದಳು. ಸಂಗಮ್ಮನ ಪಕ್ಕ ಕೂತು, "ಜರಾ ಅತ್ತ ಸರಿ," ಎಂದು ಕಾಲು ಚಾಚಿದಳು. ಉಳಿದ ಏಳು ಜನರೇ ಆರು ದಿನದಲ್ಲಿ ಮೂರು ಕೌದಿ ಮುಗಿಸಿ, ಒಗೆದು, ಮಾಳಿಗೆಯ ಮೇಲೆ ಹರವಿದರು. ಮೂರೂ ನೆಲಕ್ಕೆ ಅಂಟಿದಂತೆ ಮಲಗಿದವು. ಆರ್ಡರ್ ಉಳಿಯಿತು. ಪೂರ್ತಿ ಮಾಲು ತಲುಪಿದ್ದು ಎರಡು ವಾರ ತಡವಾಗಿ, ವ್ಯಾಪಾರಿ ಗೊಣಗಿಯೇ ತಗೊಂಡರು. ಚಂದಮ್ಮ ಅತ್ತಿಯ ನೀರಿನ ಬಾಟಲಿ ಮಾತ್ರ ಇವತ್ತಿಗೂ ಬೇರೆಯೇ. ಕತೆ ಚಂದವಾಗಲಿ ಎಂದು ಅದನ್ನು ನಾನು ಮುಚ್ಚಿಡಲಾರೆ.

ಸರ್ ಮುಂದಿನ ಬ್ಯಾಚಿಗೆ ನನ್ನನ್ನು ಮಾತಾಡಲು ಕರೆದರು. "ಕೊನೆಗೆ ನೀವೂ ಎರಡು ಟೀಮೇ ಮಾಡಿದ್ರಲ್ಲ?" ಎಂದು ಎಲ್ಲರ ಎದುರು ಕೇಳಿದರು. ಹೌದು ಸರ್, ಆದರೆ ನೀವು ಹೇಳಿದ ಎರಡಲ್ಲ ಎಂದೆ.

ಚರ್ಚಾ ತಂಡ ನನಗೆ ಯಾರು ಹೇಳಿದರು, ಯಾಕೆ ಹೇಳಿದರು ಎಂದು ಕೇಳುವುದನ್ನು ಕಲಿಸಿತ್ತು. ಆ ಪ್ರಶ್ನೆಗಳನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಏನು ಹೇಳಿದರು ಎಂಬುದನ್ನು ಅವಕ್ಕಿಂತ ಮೊದಲು, ನೀರಿಗೆ ಹಾಕಿ ಒಣಗಿಸಿ ನೋಡಬೇಕೆಂಬುದನ್ನು ಕಸುಬು ಕಲಿಸಿತು. ಹಿರಿಯರ ಮಾತಿನಲ್ಲಿ ಕೈಯ ಅರಿವೂ ಇರುತ್ತದೆ, ಓಣಿಯ ಅಹಂಕಾರವೂ ಇರುತ್ತದೆ. ಎರಡನ್ನೂ ಕಣ್ಣುಮುಚ್ಚಿ ಒಪ್ಪಿಕೋ ಎನ್ನುವವರು ನನಗೆ ದಿನಾ ಸಿಗುತ್ತಾರೆ, ಎರಡನ್ನೂ ಒಟ್ಟಿಗೆ ಎಸೆ ಎನ್ನುವ ನನ್ನ ವಯಸ್ಸಿನವರೂ ಸಿಗುತ್ತಾರೆ. ಇಬ್ಬರಿಗೂ ನಾನು ಕೊಡುವ ಉತ್ತರ ಒಂದೇ: ಆಗುವುದಿಲ್ಲ.