ಗಾಡಿ ಹತ್ತದ ಚಡಾವು

ಮಂಡೆಕೋಲು ಎಂಬ ಹಳ್ಳಿಯಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು. ನಾಲ್ಕು ವರ್ಷದ ಹಿಂದೆ ಘಟ್ಟದ ಕೆಳಗಿನ ಒಂದು ಪೇಟೆಯಲ್ಲಿ ಗುತ್ತಿಗೆ ಮೇಲೆ ಕಸದ ಗಾಡಿಯ ಡ್ರೈವರ್ ಆಗಿದ್ದೆ. ಪೇಟೆಯ ಹೆಸರು ಬೇಡ. ಒಂದು ದಿನವೂ ತಡವಾಗಿ ಗಾಡಿ ಹೊರಡಿಸಿದವನಲ್ಲ ಎಂಬ ಹೆಮ್ಮೆ ನನಗಿತ್ತು, ಈಗಲೂ ಇದೆ.

ಅಲ್ಲೊಂದು ಕಡಿದಾದ ಚಡಾವು, ಅದರ ಮೇಲೆ ಒಂಬತ್ತು ಮನೆ. ಕಸ ತುಂಬಿದ ಗಾಡಿ ಅರ್ಧ ಹತ್ತಿ ಹಿಂದಕ್ಕೆ ಜಾರುತ್ತಿತ್ತು. ಗುತ್ತಿಗೆದಾರರ ಸೂಪರ್‌ವೈಸರ್ ಉಮೇಶನಿಗೆ ಹೇಳಿದೆ.

“ಹತ್ತುದು ಬೇಡ ಮಾರಾಯ. ಹೋಗಿದೆ ಅಂತ ಪುಸ್ತಕದಲ್ಲಿ ಗೀಟು ಹಾಕು. ಇಲ್ಲದಿದ್ರೆ ಬಿಲ್ಲು ಪಾಸಾಗುದಿಲ್ಲ,” ಎಂದ.

ಯಾವ ಯಾವ ಮನೆಯ ಕಸ ತೆಗೆದೆವು ಎಂದು ದಿನಾ ಗುರುತು ಹಾಕುವ ರೂಟ್ ಪುಸ್ತಕ ಅದು. ಏಳು ತಿಂಗಳು ಗೀಟು ಹಾಕಿ ಕೆಳಗೆ ರುಜು ಮಾಡಿದೆ.

ಆಮೇಲೆ ಪಟ್ಟಣ ಪಂಚಾಯತ್ ಕಚೇರಿಯವರು ಆ ಪುಸ್ತಕ ನೋಡಿ ಆ ಮನೆಗಳಿಗೂ ಕಸದ ಶುಲ್ಕ ಹಾಕಿದರು. ಎಂಟು ಮನೆಯವರು ಗೊಣಗಿಕೊಂಡು ಕಟ್ಟಿದರು. ಒಂಬತ್ತನೆಯ ಮನೆಯ ಕುಸುಮಕ್ಕ ಕಟ್ಟಲಿಲ್ಲ. ಕಟ್ಟದಿದ್ದರೆ ನಳ್ಳಿ ನೀರು ಕಡಿತ ಎಂದು ನೋಟಿಸ್ ಬಂತು. ಅವರ ಅತ್ತೆ ಹಾಸಿಗೆ ಹಿಡಿದವರು, ದಿನಾ ಬಟ್ಟೆ ಒಗೆಯದೆ ಆಗದು. ಮನೆಗೆ ಬಾವಿಯೂ ಇಲ್ಲ. ಅವರು ತಕರಾರು ಅರ್ಜಿ ಕೊಟ್ಟರು. ವಿಚಾರಣೆಗೆ ನನ್ನನ್ನೂ ಕರೆಸಿದರು.

ಮುಖ್ಯಾಧಿಕಾರಿ ಪುಸ್ತಕ ತೆರೆದು ತೋರಿಸಿದರು. “ದಿನಾ ಗಾಡಿ ಬಂದದ್ದಕ್ಕೆ ಡ್ರೈವರ್ ರುಜು ಉಂಟಲ್ಲಮ್ಮ.”

“ಪುಸ್ತಕಕ್ಕೆ ಬಂದಿರಬಹುದು ಸರ್, ನಮ್ಮ ಮನೆಗೆ ಬರ್ಲಿಲ್ಲ,” ಎಂದರು ಕುಸುಮಕ್ಕ. “ಬೇಕಾದ್ರೆ ಇವರನ್ನೇ ಕೇಳಿ.”

ಬಾಗಿಲಲ್ಲಿ ಉಮೇಶ ನಿಂತಿದ್ದ. ಗಾಡಿ ಹೋಗಿದೆ ಎಂದರೆ ಆ ಮನೆಯ ನೀರು ಹೋಗುತ್ತದೆ. ಹೋಗಿಲ್ಲ ಎಂದರೆ ನನ್ನ ಕೆಲಸ ಹೋಗುತ್ತದೆ, ಸುಳ್ಳು ಬರೆದವನೆಂಬ ಹೆಸರೂ ಬರುತ್ತದೆ.

“ರುಜು ನನ್ನದೇ ಸರ್,” ಎಂದೆ. “ಗಾಡಿ ಹೋಗ್ಲಿಲ್ಲ. ಒಂದು ದಿನವೂ.”

ಕೊಡದ ಸೇವೆಗೆ ಶುಲ್ಕ ಕೇಳುವ ಅಧಿಕಾರ ಕಚೇರಿಗಿಲ್ಲ, ಕಸದ ಬಾಕಿಗೆಂದು ನೀರು ಕಡಿಯುವುದೂ ಸರಿಯಲ್ಲ ಎಂದು ಮುಖ್ಯಾಧಿಕಾರಿ ಅಲ್ಲೇ ಬರೆದರು. ಒಂಬತ್ತೂ ಮನೆಯ ಶುಲ್ಕ ರದ್ದಾಯಿತು. ಸಂಜೆಯೊಳಗೆ ಉಮೇಶ ನನ್ನಿಂದ ಗಾಡಿಯ ಕೀ ತೆಗೆದುಕೊಂಡ.

ಅದಕ್ಕೆ ಮೊದಲು, ಕಚೇರಿಯ ಹೊರಗಿನ ಮೆಟ್ಟಿಲ ಮೇಲೆ ಕುಸುಮಕ್ಕ ಚಪ್ಪಲಿ ಹಾಕುತ್ತಿದ್ದರು. ಒಂದು ಒಳ್ಳೆಯ ಮಾತು ಬಂದೀತೆಂದು ನಾನು ಪಕ್ಕದಲ್ಲಿ ನಿಂತೆ.

“ಇವತ್ತು ಹೇಳಿದ್ರಿ, ಒಳ್ಳೇದಾಯ್ತು,” ಎಂದರು. “ಏಳು ತಿಂಗಳು ಗೀಟು ಹಾಕುವಾಗ ಎಂತ ಗ್ರಹಿಸಿದ್ರಿ ನೀವು?”

ಏನೂ ಯೋಚಿಸಿರಲಿಲ್ಲ. ಮಾಡದ ಕೆಲಸದ ಗುರುತು ಪುಸ್ತಕದೊಳಗೇ ಉಳಿಯುವುದಿಲ್ಲ, ಬಿಲ್ಲಾಗಿ ಯಾರದೋ ಮನೆಯ ಬಾಗಿಲಿಗೆ ಹೋಗುತ್ತದೆ ಎಂಬುದನ್ನು ನಾನು ಕಲಿತದ್ದು ಆ ಮೆಟ್ಟಿಲ ಮೇಲೆ, ಅವರು ಉತ್ತರಕ್ಕೆ ಕಾಯದೆ ಇಳಿದು ಹೋದ ಮೇಲೆ.