ಬಲೆಯ ಸೀಸದಲ್ಲಿ ಸೇರಿಹೋದ ಕಾಡತೂಸು

ಕೊರೊನಾ ಮುಗಿದ ಮರುವರ್ಷ ಬಿಳಿಕೆರೆ ಹತ್ತಿರದ ಒಂದು ಒಳಾಂಗಣ ಶೂಟಿಂಗ್ ರೇಂಜಿನಲ್ಲಿ ಕ್ಲೀನಿಂಗ್ ಕೆಲಸಕ್ಕೆ ಸೇರಿದೆ. ನಾನು ಓದಿದ್ದು ಐದನೇ ಕ್ಲಾಸು. ಗುಂಡಿನ ವಿಷಯವೆಲ್ಲ ಅಲ್ಲಿನ ಕೋಚ್ ಸಾಹೇಬರು ಹೇಳಿಕೊಟ್ಟದ್ದು. ಅವರು ಮಿಲಿಟರಿಯಿಂದ ನಿವೃತ್ತರಾದವರು.

ಅಲ್ಲಿ ಹೊಡೆಯುತ್ತಿದ್ದ ಪಾಯಿಂಟ್ ಟೂ ಟೂ ಗುಂಡಿಗೆ ತಾಮ್ರದ ಹೊದಿಕೆ ಇಲ್ಲ, ಬರೀ ಸೀಸ. ಗುರಿಯ ಹಿಂದಿನ ಉಕ್ಕಿನ ತಗಡಿಗೆ ಬಡಿದು ಚೂರಾಗುತ್ತದೆ, ಕಣ್ಣಿಗೆ ಕಾಣದ ಪುಡಿಯೂ ಏಳುತ್ತದೆ. ಆ ಪುಡಿ ವಿಷ. ಅದಕ್ಕೇ ಪೊರಕೆ ಹಿಡಿಯದೆ, ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಎಳೆದರೂ ಹಾರದೆ ಉಳಿದ ಕಾಡತೂಸಿಗೆ ಮಿಸ್‌ಫೈರ್ ಎನ್ನುತ್ತಾರೆ. ಒಳಗೆ ಮದ್ದು ಹಾಗೇ ಇರುವುದರಿಂದ ಅದು ಕಂಡರೆ ಮುಟ್ಟದೆ ಸಾಹೇಬರನ್ನು ಕರೆಯಬೇಕು.

ಸೀಸದ ಚೂರು ಹೊರಗೆ ಒಯ್ಯಬಾರದೆಂಬುದೂ ಗೊತ್ತಿತ್ತು. ಆದರೆ ಕಟ್ಟೆಮಳಲವಾಡಿಯಲ್ಲಿರುವ ನನ್ನ ತಮ್ಮ ಮಾದೇವ ಕೆರೆಯಲ್ಲಿ ಮೀನು ಹಿಡಿಯುವವನು. ಬೀಸುವ ಬಲೆ ನೀರಲ್ಲಿ ಮುಳುಗಲು ಅಂಚಿಗೆ ಸೀಸದ ಮಣಿ ಬೇಕು. ನಾನು ಕದ್ದುಮುಚ್ಚಿ ಡಬ್ಬದಲ್ಲಿ ಚೂರು ಕೊಡುತ್ತಿದ್ದೆ, ಅವನು ಹಳೇ ಸೌಟಿನಲ್ಲಿ ಕರಗಿಸಿ ಮಣಿ ಎರೆಯುತ್ತಿದ್ದ.

“ಮಿಲ್ಟ್ರಿ ಸೀಸ ಕಣಕ್ಕ. ಮೀನಿಗೆ ಕೈ ಇದ್ದಿದ್ರೆ ಎಲ್ಡೂ ಮ್ಯಾಲೆತ್ಕೊಂಡು ಸರೆಂಡರ್ ಆಗ್ತಿದ್ವು” ಎಂದು ನಗುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಡಬ್ಬ ತುಂಬಿಕೊಂಡು ಬರುವಾಗ ನೆಲದ ಮೇಲೆ ಒಂದು ಮಿಸ್‌ಫೈರ್ ಬಿದ್ದಿತ್ತು. ಯಾರೋ ಕಲಿಯುವವರು ಬಂದೂಕಿನಿಂದ ತೆಗೆದು ಹೇಳದೆ ಹೋಗಿದ್ದರು. ಸಾಹೇಬರನ್ನು ಕೂಗಿದರೆ ಕೈಯಲ್ಲಿದ್ದ ಡಬ್ಬವೂ ಕಾಣುತ್ತದೆ. ಆಮೇಲೆ ತೆಗೆದರಾಯಿತೆಂದು ಕಾಡತೂಸನ್ನು ಅದೇ ಡಬ್ಬಕ್ಕೆ ಹಾಕಿಕೊಂಡೆ. ಅಷ್ಟರಲ್ಲಿ ಹಿಂದಿನ ಬಾಗಿಲಲ್ಲಿ ಮಾದೇವನ ಬೈಕು ಹಾರನ್ ಹೊಡೆಯಿತು. ಯಾರಾದರೂ ನೋಡಿಯಾರೆಂಬ ಗಾಬರಿಯಲ್ಲಿ ಕಾಡತೂಸು ತೆಗೆಯದೆ ಹಾಗೇ ಡಬ್ಬ ಕೊಟ್ಟು ಕಳಿಸಿದೆ.

ಸಂಜೆ ಸಾಹೇಬರು ಲೆಕ್ಕ ನೋಡಿದರು. ಕೊಟ್ಟ ಕಾಡತೂಸಿಗೂ ಹಾರಿಸಿದ ಮೇಲೆ ವಾಪಸ್ ಬಂದ ಖಾಲಿ ಹಿತ್ತಾಳೆ ಕೇಸಿಗೂ ತಾಳೆಯಾಗಬೇಕು.

“ಒಂದು ಕಮ್ಮಿ ಇದೆಯಲ್ಲಮ್ಮ ರತ್ನಮ್ಮ. ಎಲ್ಲರೂ ಹುಡುಕಿ” ಎಂದರು.

ಅದು ಎಲ್ಲಿದೆಯೆಂದು ನನಗೊಬ್ಬಳಿಗೇ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಎಲ್ಲರ ಜೊತೆ ನಾನೂ ಮ್ಯಾಟ್ ಎತ್ತಿದೆ, ಬೆಂಚಿನ ಕೆಳಗೆ ಬಗ್ಗಿ ನೋಡಿದೆ. ನಡುನಡುವೆ ಬಾತ್‌ರೂಮಿಗೆ ಹೋಗಿ ಮಾದೇವನಿಗೆ ಫೋನ್ ಮಾಡಿದೆ. ರಿಂಗಾಗುತ್ತಿತ್ತು, ಎತ್ತಲಿಲ್ಲ. ಕಡೆಗೆ ತಡೆಯಲಾಗದೆ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. “ಅದನ್ನ ಕಾಯಿಸ್ತಾನಾ?” ಎಂದರು.

“ಊಂ ಸಾರ್, ಒಲೆ ಮೇಲೆ.”

ಅವರು ಕಾರಿನ ಕಡೆ ಓಡಿದರು. ದಾರಿಯಲ್ಲಿ ಒಂದೇ ಮಾತು: “ಬಂದೂಕಿನಲ್ಲಿದ್ರೆ ಮುಂದಕ್ಕೆ ಹೋಗುತ್ತೆ. ಬೆಂಕಿಯಲ್ಲಿ ಎತ್ತ ಸಿಡಿಯುತ್ತೋ ಹೇಳೋಕಾಗಲ್ಲ.”

ನಾವು ತಲುಪಿದಾಗ ಅಂಗಳದಲ್ಲಿ ಜನ. ಸೌಟು ಬೋರಲಾಗಿತ್ತು. ಮಾದೇವ ಮುಖಕ್ಕೆ ಒದ್ದೆ ಟವೆಲ್ ಒತ್ತಿಕೊಂಡು ಕೂತಿದ್ದ. ಪಕ್ಕದ ಮನೆಯಾಕೆ, “ಈಗ್ತಾನೆ ಕಣವ್ವಾ, ಡಬ್ ಅಂತು” ಎಂದಳು. ಚೂರಿನೊಳಗೆ ಕಾಣದೆ ಸೇರಿದ್ದ ಕಾಡತೂಸು ಸಿಡಿದು, ಕಾದ ಸೀಸ ಹಾರಿ ಅವನ ಬಲಗಣ್ಣಿಗೆ ಬಿದ್ದಿತ್ತು. ಮೈಸೂರಿನ ಆಸ್ಪತ್ರೆಯಲ್ಲೂ ಆ ಕಣ್ಣು ಉಳಿಯಲಿಲ್ಲ.

ಸಾಹೇಬರು ನಡೆದದ್ದನ್ನು ನಡೆದಂತೆ ಮೇಲಿನವರಿಗೆ ತಿಳಿಸಿದರು. ನನ್ನ ಕೆಲಸ ಹೋಯಿತು. ಅದಕ್ಕೆ ನನಗೆ ಬೇಸರವಿಲ್ಲ. ನೋಡಲು ಬಂದವರಿಗೆಲ್ಲ ಮಾದೇವ ಹೇಳುತ್ತಿದ್ದ ಮಾತೇ ನನ್ನನ್ನು ತಿನ್ನುತ್ತಿತ್ತು: “ಗೊತ್ತಾದ ತಕ್ಸಣ ಕೆಲ್ಸ ಓದ್ರೆ ಓಗ್ಲಿ ಅಂತ ಓಡ್ ಬಂದ್ಳು ನಮ್ಮಕ್ಕ.”

ಇದನ್ನು ಬರೆಯುವ ಮೊದಲು ಅವನಿಗೆ ನಿಜ ಹೇಳಿದೆ. ಅವನು ಬಲೆ ಹೊಲಿಯುತ್ತಿದ್ದ.

“ಗೊತ್ತಿದ್ದೂ ಉಡುಕ್ತಿದ್ದೆಯಾ?”

“ಊಂ ಕಣಪ್ಪ.”

“ಎಷ್ಟೊತ್ತು?”

“ಮ್ಯಾಟೆಲ್ಲ ಎತ್ತೋವಷ್ಟು.”

ಅವನು ಬಲೆ ಕೆಳಗಿಟ್ಟು ಒಳಗೆ ಹೋದ. ನಾನು ಹೊರಡುವವರೆಗೂ ಆಚೆ ಬರಲಿಲ್ಲ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೆ. ತಪ್ಪಾಯಿತು ಎನ್ನಲು ನಾವು ಎಷ್ಟು ಹೊತ್ತು ತಡೆಯುತ್ತೇವೋ, ಅಷ್ಟು ಹೊತ್ತೂ ಇನ್ನೊಬ್ಬರು ಏನೂ ತಿಳಿಯದೆ ಒಲೆಯ ಮುಂದೆ ಕೂತಿರುತ್ತಾರೆ.